ಹಸಿರು ಬೊಂಬೆ ಯಾರ ಕಾಲಲ್ಲಿ ನಡೆಯುತ್ತೆ?

ದಿನಬಳಕೆಯ ಇತಿಹಾಸ – ಭಾಗ 6 🚦

ಮುಂದಿನ ಸಲ ಸಿಗ್ನಲ್ಲಿನಲ್ಲಿ ಹಸಿರು ಬೊಂಬೆ ಬಂದಾಗ ಸೆಕೆಂಡ್ ಎಣಿಸಿ ನೋಡಿ. ಅದು ಎಷ್ಟು ಹೊತ್ತು ಉರಿಯಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿರ್ತಾರೆ. ಆ ಲೆಕ್ಕದೊಳಗೆ ಒಬ್ಬ ಮನುಷ್ಯ ನಡೀತಾ ಇದ್ದಾನೆ. ಅವನ ವೇಗ ಸೆಕೆಂಡಿಗೆ 1.2 ಮೀಟರ್. ಇವತ್ತಿನ ಕಥೆ ಅವನದ್ದು.

ಮೊದಲು ಲಂಡನ್‌ಗೆ ಹೋಗೋಣ. 1868ರ ಡಿಸೆಂಬರ್. ರಸ್ತೆಗೆ ಕಾರು ಇನ್ನೂ ಬಂದೇ ಇಲ್ಲ, ಆದರೂ ಪಾರ್ಲಿಮೆಂಟ್ ಮುಂದೆ ಕುದುರೆ ಗಾಡಿಗಳ ನಡುವೆ ದಾಟೋದಂದ್ರೆ ಜೀವ ಕೈಯಲ್ಲಿ ಹಿಡ್ಕೊಂಡು ದಾಟಬೇಕು. ಜೆ.ಪಿ. ನೈಟ್ ಅನ್ನೋ ರೈಲ್ವೆ ಇಂಜಿನಿಯರ್, ರೈಲಿನ ಸಿಗ್ನಲ್ ಕಂಬದಂಥದ್ದನ್ನೇ ತಂದು ಅಲ್ಲಿ ನೆಡಿಸಿದ. ಹಗಲಲ್ಲಿ ಏಳುವ ಇಳಿಯುವ ತೋಳುಗಳು, ರಾತ್ರಿ ಕೆಂಪು ಹಸಿರು ಗ್ಯಾಸ್ ದೀಪ. ಅದನ್ನು ನಡೆಸೋಕೆ ಒಬ್ಬ ಪೊಲೀಸ್. ತಿಂಗಳು ತುಂಬೋದ್ರೊಳಗೆ ಗ್ಯಾಸ್ ಸೋರಿ ಕಂಬ ಸಿಡಿಯಿತು, ಪಾಪ ಆ ಪೊಲೀಸಪ್ಪನಿಗೇ ಗಾಯ ಆಯ್ತು. ಅಲ್ಲಿಗೆ ಆ ಪ್ರಯೋಗ ಮುಗೀತು.

ಆಮೇಲೆ ಕಾರು ಬಂತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಜನ. ಸುಮಾರು ಅರ್ಧದಷ್ಟು ಜನ ನಡೆದು ಹೋಗ್ತಿದ್ದವರು. (ಈಗ ಅಲ್ಲಿ ಗಾಡಿಗಳು ಆಗಿನ ಹತ್ತು ಪಟ್ಟಿಗಿಂತ ಹೆಚ್ಚಿವೆ, ವರ್ಷಕ್ಕೆ ಸಾವು ಎರಡು ಸಾವಿರಕ್ಕಿಂತ ಕಡಿಮೆ. ಅಂದ್ರೆ ಇದೆಲ್ಲ ಹಣೆಬರಹ ಅಲ್ಲ.) ಆಗಿನ ಸಾರಿಗೆ ಮಂತ್ರಿ ಲೆಸ್ಲಿ ಹೋರ್-ಬೆಲಿಷಾ. ಕ್ಯಾಮ್ಡನ್ ಹೈ ಸ್ಟ್ರೀಟ್ ದಾಟುವಾಗ ಅವರಿಗೇ ಒಂದು ಸ್ಪೋರ್ಟ್ಸ್ ಕಾರು ಗುದ್ದೋದು ಸ್ವಲ್ಪದರಲ್ಲಿ ತಪ್ಪಿತ್ತು. ಅವರ ಕಾಲದಲ್ಲೇ ದಾಟುವ ಜಾಗಗಳಲ್ಲಿ ಕಪ್ಪು ಬಿಳಿ ಕಂಬ, ತುದಿಯಲ್ಲಿ ಕಿತ್ತಳೆ ಬಣ್ಣದ ಗುಂಡು ಬಂತು. ಮೊದಮೊದಲು ಗಾಜಿನ ಗುಂಡು, ಕಿಡಿಗೇಡಿಗಳು ಬಿಡ್ತಾರಾ? ಒಡೆದು ಹಾಕ್ತಿದ್ರು.

1949ರಲ್ಲಿ ಸಾವಿರ ಕಡೆ ರಸ್ತೆ ಮೇಲೆ ಪಟ್ಟೆ ಬಳಿದು ನೋಡಿದರು. ನೀಲಿ ಹಳದಿ ಪಟ್ಟೆ ಕೂಡ ಇತ್ತು! 1951ರಲ್ಲಿ ಕಪ್ಪು ಬಿಳಿ ಪಟ್ಟೆ ಕಾನೂನಾಯ್ತು. ಅದೇ ನಮ್ಮ ಝೀಬ್ರಾ ಕ್ರಾಸಿಂಗ್.

ಇಲ್ಲಿ ಒಂದು ನಿಮಿಷ ನಿಲ್ಲಿ. ಝೀಬ್ರಾಗೆ ಗಡಿಯಾರ ಇಲ್ಲ. ನೀವು ಪಟ್ಟೆ ಮೇಲೆ ಕಾಲಿಟ್ಟರೆ ಗಾಡಿ ನಿಲ್ಲಬೇಕು, ನೀವು ಆ ಕಡೆ ಸೇರೋವರೆಗೂ ನಿಂತಿರಬೇಕು. ನಿಧಾನ ನಡೆದರೆ ನಿಧಾನವೇ ಸರಿ. ಗಾಡಿಗಳು ಹೆಚ್ಚಾದ ಹಾಗೆ ಇದು ಕಷ್ಟ ಅನ್ನಿಸ್ತು. 1969ರಲ್ಲಿ ಪೆಲಿಕನ್ ಕ್ರಾಸಿಂಗ್ ಬಂತು: ಬಟನ್ ಒತ್ತಿ, ಕಾಯಿರಿ, ಹಸಿರು ಬೊಂಬೆ ಬಂದ ಮೇಲೆ ದಾಟಿ. ದೀಪ ಅಂದ ಮೇಲೆ ಸಮಯ ಗೊತ್ತುಮಾಡಬೇಕು. ಸಮಯ ಗೊತ್ತುಮಾಡೋಕೆ ನಡಿಗೆಯ ವೇಗ ಬೇಕು. ಅಮೆರಿಕದಲ್ಲಿ ಸೆಕೆಂಡಿಗೆ 4 ಅಡಿ, ಬ್ರಿಟನ್ನಿನಲ್ಲಿ 1.2 ಮೀಟರ್, ಹೆಚ್ಚುಕಮ್ಮಿ ಎರಡೂ ಒಂದೇ. ಸಿವಿಲ್ ಓದ್ತಿರೋ ಫ್ರೆಂಡ್ಸ್ ನಿಮ್ಮ ಟೆಕ್ಸ್ಟ್‌ಬುಕ್ ತೆಗೆದು ನೋಡಿ, ಸಿಗ್ನಲ್ ಲೆಕ್ಕದಲ್ಲಿ ಅದೇ 1.2 ಇರುತ್ತೆ.

ನಮಗೇನು, ನಿಮಗೂ ನನಗೂ 1.2 ಆರಾಮ. 2012ರಲ್ಲಿ ಲಂಡನ್ನಿನ ಸಂಶೋಧಕರು 65 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರ ನಡಿಗೆಯ ಅಳತೆ ಹಿಡಿದು ಲೆಕ್ಕ ಮಾಡಿದರು. ಸರಾಸರಿ ಗಂಡಸರದು 0.9 ಮೀಟರ್, ಹೆಂಗಸರದು 0.8. ಈಗ 18 ಮೀಟರ್ ಅಗಲದ ರಸ್ತೆ ತಗೊಳ್ಳಿ. 1.2ರ ಲೆಕ್ಕದಲ್ಲಿ 15 ಸೆಕೆಂಡ್ ಸಾಕು. 0.8ರಲ್ಲಿ ನಡೆಯುವ ಅಜ್ಜಿ 15 ಸೆಕೆಂಡಿಗೆ ದಾಟಿರೋದು 12 ಮೀಟರ್. ಇನ್ನೂ 6 ಮೀಟರ್ ಬಾಕಿ, ಅಂದ್ರೆ ಹತ್ತಿರಹತ್ತಿರ ಎರಡು ಲೇನ್. ಅಲ್ಲಿ ಬೈಕಿನವರು ಆಗಲೇ ಆಕ್ಸಿಲರೇಟರ್ ತಿರುವ್ತಾ ಇರ್ತಾರೆ.

ಈ ಲೆಕ್ಕ ಬದಲಾಗಲ್ಲ ಅಂತೇನಿಲ್ಲ. 2009ರಲ್ಲಿ ಅಮೆರಿಕ 4 ಅಡಿಯನ್ನು 3.5ಕ್ಕೆ ಇಳಿಸಿತು. ಅದೇ ವರ್ಷ ಸಿಂಗಾಪುರದಲ್ಲಿ ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ಇನ್ನಷ್ಟು ಸೆಕೆಂಡ್ ಉಳಿಯುವ ವ್ಯವಸ್ಥೆ ಶುರುವಾಯ್ತು. ಬ್ರಿಟನ್ನಿನ ಪಫಿನ್ ಕ್ರಾಸಿಂಗ್‌ನಲ್ಲಂತೂ ಯಾರಾದ್ರೂ ಇನ್ನೂ ದಾಟ್ತಾ ಇದ್ದರೆ ಸೆನ್ಸರ್ ಅದನ್ನು ಕಂಡು ಗಾಡಿಗಳ ಕೆಂಪನ್ನು ಸ್ವಲ್ಪ ಲಂಬಿಸುತ್ತೆ. ನನಗೆ ಇದೇ ಇಷ್ಟ. ಕಾರ್ಡ್ ಮರೆತು ಬಂದವರಿಗೂ ಕಾಲು ಅಷ್ಟೇ ನೋಯುತ್ತೆ ಅಲ್ವಾ?

ನಮ್ಮಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಹೋದ ತಿಂಗಳು ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಹಸಿರು ಬಿತ್ತು. ನಾನು "ಬಾ ಅಜ್ಜಿ, ಬೇಗ" ಅಂದೆ. ಅಜ್ಜಿ ಅಲ್ಲಾಡಲಿಲ್ಲ. "ಇದು ಅರ್ಧ ಆಗೋಗಿದೆ ಮಗಾ, ಮುಂದಿನದು ಬರ್ಲಿ" ಅಂತು. ಮುಂದಿನದು ಬಂದ ತಕ್ಷಣ ನನ್ನ ಕೈ ಗಟ್ಟಿಯಾಗಿ ಹಿಡಿದು ಹೊರಟಿತು. ನಾನು ಮನಸ್ಸಲ್ಲೇ ಎಣಿಸಿದೆ. ಕೆಂಪು ಬಿದ್ದಾಗ ನಾವಿನ್ನೂ ಕೊನೇ ಲೇನಲ್ಲಿದ್ದೆವು.

ನಿಮ್ಮೂರಿನ ಸಿಗ್ನಲ್ ಎಷ್ಟು ಸೆಕೆಂಡ್? ಮನೆಯ ಹಿರಿಯರ ಜೊತೆ ದಾಟಿ, ಎಣಿಸಿ, ಕಮೆಂಟಲ್ಲಿ ಬರೀರಿ. 👇

#ದಿನಬಳಕೆಯಇತಿಹಾಸ #ಝೀಬ್ರಾಕ್ರಾಸಿಂಗ್ #ಕನ್ನಡ