ಗೋಮಾಳವೂ ಗಾಲ್ಫ್ ಬಯಲೂ

ಬೆಂಗಳೂರು ನಗರವು ತನ್ನ ಹಳೆಯ ಎಲ್ಲೆಗಳನ್ನು ದಾಟಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳವರೆಗೆ ಹಬ್ಬಿದ ಮೇಲೆ, ಅಲ್ಲಿನ ಉದ್ಯೋಗಸ್ಥರಿಂದ ಒಂದು ಹೊಸ ಬೇಡಿಕೆ ಆಗಾಗ ಕೇಳಿಬರುತ್ತಿರುವುದು. ಯಾವ ಕ್ಲಬ್ಬಿನ ಸದಸ್ಯನಲ್ಲದವನೂ ದಿನದ ಶುಲ್ಕವನ್ನು ತೆತ್ತು ಆಡಬಹುದಾದ ಸಾರ್ವಜನಿಕ ಗಾಲ್ಫ್ ಬಯಲು ಬೇಕೆಂಬುದೇ ಆ ಬೇಡಿಕೆ. ಕುಡಿಯುವ ನೀರಿಗೆ ಬಿಂದಿಗೆಗಳನ್ನು ಸಾಲಿಡುವ ಊರಿನಲ್ಲಿ ಇದೆಂತಹ ವಿಲಾಸವೆಂದು ಮೂಗುಮುರಿಯುವವರೇ ಹೆಚ್ಚು. ಆದರೆ ಈ ಆಟದ ಪೂರ್ವವೃತ್ತಾಂತವನ್ನು ಅರಿತವರು ಅಷ್ಟು ಬೇಗನೆ ತೀರ್ಪು ಕೊಡಲಾರರು.

ಗಾಲ್ಫೆಂಬುದು ಹುಟ್ಟಿನಿಂದ ಧನಿಕರ ಆಟವಲ್ಲ. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ನೇಗಿಲಿಗೆ ಒಗ್ಗದ ಮರಳುನೆಲಕ್ಕೆ ಆ ನಾಡಿನವರು 'ಲಿಂಕ್ಸ್' ಎನ್ನುವರು. ಅಲ್ಲಿ ಕುರಿಗಳು ಮೇಯುತ್ತಿದ್ದುವು. ಊರವರಿಗೆಲ್ಲ ಅದರಲ್ಲಿ ಹಕ್ಕಿದ್ದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗೋಮಾಳ. ಈ ಆಟವು ಬೆಳೆದುದು ಅಂತಹ ಗೋಮಾಳದಲ್ಲಿಯೇ. 1457ರಲ್ಲಿ, ಎರಡನೆಯ ಜೇಮ್ಸ್ ದೊರೆಯ ಕಾಲದಲ್ಲಿ, ಜನರು ಬಿಲ್ವಿದ್ಯೆಯನ್ನು ಕಡೆಗಣಿಸುವರೆಂಬ ಭಯದಿಂದ ಅಲ್ಲಿನ ಪಾರ್ಲಿಮೆಂಟು ಇದನ್ನು ನಿಷೇಧಿಸಿತು. ಸಾಮಾನ್ಯರಲ್ಲಿ ಹಬ್ಬದಿರುವುದನ್ನು ಯಾವ ಅರಸನು ತಾನೇ ನಿಷೇಧಿಸುವನು? 1552ರಲ್ಲಿ ಸೇಂಟ್ ಆಂಡ್ರೂಸಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್, ಊರವರು ಆ ಬಯಲಿನಲ್ಲಿ ಆಡುವ ಹಕ್ಕನ್ನು ಶಾಸನಮುಖವಾಗಿ ಸ್ಥಿರಪಡಿಸಿದನು. 1797ರಲ್ಲಿ ಸಾಲಕ್ಕೆ ಸಿಕ್ಕಿದ ಪುರಸಭೆಯು ಅದನ್ನು ಪರಾಧೀನ ಮಾಡಿತು. ಮುಂದೆ ಅದು ಮೊಲ ಸಾಕುವ ವರ್ತಕರ ಕೈಸೇರಿತು. ಹುಲ್ಲಿನ ಬಯಲೆಲ್ಲ ಬಿಲಮಯವಾಗಲು ಊರವರು ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ವ್ಯಾಜ್ಯವಾಡಿದರು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರನು ಅದನ್ನು ಕೊಂಡು ಆಟಕ್ಕಾಗಿ ಉಳಿಸಿದನು. 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಬಲದಿಂದ ಪುರಸಭೆಯೇ ಅದನ್ನು ಹಿಂದಕ್ಕೆ ಪಡೆಯಿತು. ಇಂದಿಗೂ ಅಲ್ಲಿನ ಹಳೆಯ ಬಯಲಿನಲ್ಲಿ ಸಾಧಾರಣವಾಗಿ ಭಾನುವಾರ ಆಟವಿಲ್ಲ. ಅಂದು ಊರವರು ಮಕ್ಕಳುಮರಿಗಳೊಡನೆ ಅಲ್ಲಿ ಅಡ್ಡಾಡುವರು.

ನಮ್ಮ ನಾಡಿಗೆ ಬರುವಷ್ಟರಲ್ಲಿ ಇದರ ವೇಷವೇ ಬೇರೆಯಾಗಿದ್ದಿತು. 1809ರಲ್ಲಿ ನೆಲೆಗೊಂಡ ದಂಡಿನ ಬಳಿಯಲ್ಲಿ 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿತು. ಧಾತು ಸಂವತ್ಸರದ ಬರವು ಮೊದಲಾದುದೂ ಅದೇ ವರ್ಷ. ಆ ಬರದಲ್ಲಿ ಮೈಸೂರು ಸೀಮೆಯ ಜನದಲ್ಲಿ ಸುಮಾರು ಐದರಲ್ಲೊಂದು ಪಾಲು ನಶಿಸಿತೆಂದು ಅಂದಾಜುಂಟು. ಆಡಿದವರನ್ನು ದೂರುವುದು ನಮ್ಮ ಉದ್ದೇಶವಲ್ಲ; ಆದರೆ ಊರವರ ಬಯಲಿನಲ್ಲಿ ಹುಟ್ಟಿದ ಆಟವು ಇಲ್ಲಿ ಊರವರಿಗೆ ಬೇಲಿಯಾಚೆಯ ನೋಟವಾಗಿಯೇ ಕಾಲಿಟ್ಟಿತೆಂಬುದನ್ನು ಮರೆಯುವಂತಿಲ್ಲ. ಮುಂದೆ ಕರ್ನಾಟಕ ಗಾಲ್ಫ್ ಸಂಘವು ತನ್ನ ಬಯಲನ್ನು ಮಾಡಿಕೊಂಡುದು ಚಲ್ಲಘಟ್ಟದ ಕೆರೆಯ ಅಂಗಳದಲ್ಲಿ. ಬಿಡದಿ, ನಂದಿಬೆಟ್ಟಗಳ ಕಡೆಯಲ್ಲಿ ಆದುವು ವಿಹಾರಧಾಮಗಳಿಗೂ ಸಿರಿವಂತರ ಮನೆಗಳಿಗೂ ಅಂಟಿಕೊಂಡವು. ಹೊಸ ಉದ್ಯಮಪ್ರದೇಶಗಳಲ್ಲಿ ನೆಲವನ್ನು ಅಳೆದುದೇ ಕಾರ್ಖಾನೆಗಳಿಗಾಗಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಗೆಂದು ಹಿಡಿದುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ.

ಬೇಲಿಯೊಳಕ್ಕೆ ಬಡವರ ಮಕ್ಕಳು ಹೋದುದು ಆಟಗಾರರ ಚೀಲ ಹೊರುವ ಕ್ಯಾಡಿಗಳಾಗಿ. ಹಾಗೆ ಹೋದ ಬೆಂಗಳೂರಿನ ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಬಿಡದಿಯ ಸಮೀಪದ ಹಳ್ಳಿಯ ಚಿಕ್ಕರಂಗಪ್ಪನವರೂ ಚೀಲ ಹೊತ್ತೇ ಕಲಿತವರು. ಬಾಗಿಲು ತೆರೆದಿದ್ದರೆ ಇನ್ನೆಷ್ಟು ಮಂದಿ ಬರುತ್ತಿದ್ದರೋ! ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಅದಿತಿ ಅಶೋಕರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ, ಈ ಆಟದ ನಿಯಮವನ್ನೇ ಅರಿಯದ ಮನೆಗಳಲ್ಲಿಯೂ ಜನರು ನಸುಕಿಗೇ ಎದ್ದು ಕುಳಿತು ನೋಡಿದರು. ದಂಡಿಯ ದಶಕುಮಾರಚರಿತದಲ್ಲಿ ರಾಜಪುತ್ರಿ ಕಂದುಕಾವತಿಯು ಚೆಂಡಾಡುವುದೂ ಪುರಜನರೆಲ್ಲರ ಕಣ್ಣೆದುರಿಗೇ. ಕನ್ಯೆಯರಿಗೆ ಕಂದುಕಕ್ರೀಡೆ ಸಲ್ಲದೆಂಬ ಮಾತು ನಮ್ಮ ಹಿರಿಯರದಲ್ಲ.

ಸಾರ್ವಜನಿಕ ಬಯಲು ಅಸಾಧ್ಯವೂ ಅಲ್ಲ. ದೆಹಲಿಯ ಅಭಿವೃದ್ಧಿ ಪ್ರಾಧಿಕಾರವು 2000ದಲ್ಲಿ ಲಾಡೋಸರಾಯಿಯಲ್ಲಿ, ಕುತುಬ್ ಮಿನಾರಿನ ನೆರೆಯಲ್ಲಿ, ಅಂತಹದೊಂದನ್ನು ತೆರೆಯಿತು. ನಮ್ಮಲ್ಲಿನ ತೊಡಕು ನೆಲ ಮತ್ತು ನೀರಿನದು. ಹದಿನೆಂಟು ಕುಳಿಗಳ ಪೂರ್ಣಬಯಲಿಗೆ ಸುಮಾರು 120ರಿಂದ 150 ಎಕರೆ ಬೇಕು. ಅಷ್ಟು ನೆಲವನ್ನು ಅಳಿದುಳಿದ ಗೋಮಾಳದಿಂದಲೋ ಕೆರೆಯಂಗಳದಿಂದಲೋ ಕೀಳುವುದಾದರೆ ಈ ಬೇಡಿಕೆಯನ್ನು ನಾವು ವಿರೋಧಿಸುವೆವು. ಹಸುವನ್ನು ಓಡಿಸಿ ಸಾರ್ವಜನಿಕವೆಂಬ ಫಲಕವನ್ನು ನೆಟ್ಟರೆ ಅದು ಸಾರ್ವಜನಿಕವಾಗದು. ಒಂಬತ್ತು ಕುಳಿಗಳಿಗಾದರೆ ಅದರ ಅರ್ಧ ಸಾಕು. ಹೊಸದಾಗಿ ಕೈಗಾರಿಕಾ ಬಡಾವಣೆಯನ್ನು ರಚಿಸುವಾಗಲೇ ಅದನ್ನು ನಕ್ಷೆಯಲ್ಲಿ ಗುರುತಿಸಿಡಬಹುದು. ಹುಲ್ಲಿಗೆ ಕಾವೇರಿಯ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ಒಂದು ಹನಿಯೂ ಕೊಡಬೇಕಾಗಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿನೀರು ಸಂಸ್ಕಾರಗೊಂಡು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿರುವುದನ್ನು ನಾವು ಕಂಡಿದ್ದೇವೆ. ಕೋಲಾರದ ರೈತನ ಆ ಪಾಲಿಗೆ ಕೈಹಚ್ಚದೆ, ಆಯಾ ಬಡಾವಣೆಯ ಕಾರ್ಖಾನೆ, ವಸತಿಗಳ ನೀರನ್ನೇ ಅಲ್ಲಿಯೇ ಶುದ್ಧಗೊಳಿಸಿ ಹಾಯಿಸತಕ್ಕದ್ದು. ಕರಾರುಪತ್ರದಲ್ಲಿ ಇದನ್ನೂ, ಭಾನುವಾರ ಬಯಲು ಅಕ್ಕಪಕ್ಕದ ಹಳ್ಳಿಯವರ ಅಡ್ಡಾಟಕ್ಕೆ ತೆರೆದಿರಬೇಕೆಂಬುದನ್ನೂ ಮೊದಲೇ ಬರೆದಿಡಬೇಕು.