ಹಸ್ತಶಿಕ್ಷಣದ ಮೂಲವಿಚಾರ

ವಿಕಲಾಂಗ ಬಾಲಕರಿಗೆ ಸಾಮಾನ್ಯ ಶಾಲೆಯಲ್ಲಿ ಸ್ಥಳವನ್ನು ಕೊಡುವುದು ದಾಕ್ಷಿಣ್ಯದ ಮಾತೆಂದು ಭಾವಿಸುವವರುಂಟು. ಚರಿತ್ರೆಯನ್ನು ಪರ್ಯಾಲೋಚಿಸಿದರೆ ಋಣಭಾರವು ಸಾಮಾನ್ಯ ಶಾಲೆಯದೇ ಎಂಬುದು ವ್ಯಕ್ತವಾಗುವುದು.

ಫ್ರಾನ್ಸ್ ದೇಶದ ಕಾಡಿನಲ್ಲಿ ಬೆಳೆದು 1800ರಲ್ಲಿ ಜನರ ಕೈಗೆ ಸಿಕ್ಕಿದ, ಮಾತನ್ನರಿಯದ ವಿಕ್ಟರ್ ಎಂಬ ಹುಡುಗನಿಗೆ ಇಟಾರ್ ಎಂಬ ವೈದ್ಯನು ಸ್ಪರ್ಶಾದಿ ಇಂದ್ರಿಯಗಳ ಮೂಲಕ ಪಾಠ ಹೇಳಿ, 1801ರಲ್ಲಿ ಆ ವೃತ್ತಾಂತವನ್ನು ಪ್ರಕಟಿಸಿದನು. ಹುಡುಗನಿಗೆ ಮಾತು ಸಿದ್ಧಿಸಲಿಲ್ಲ. ಮಾರ್ಗವು ಮಾತ್ರ ಉಳಿಯಿತು. ಆತನ ಶಿಷ್ಯನಾದ ಸೆಗ್ಯಾಂ ಎಂಬುವನು ಮಂದಬುದ್ಧಿಗಳೆನಿಸಿಕೊಂಡ ಮಕ್ಕಳಿಗೆ ಅಂಗಸಾಧನೆ, ಕೈಗೆಲಸಗಳ ಕ್ರಮವನ್ನು ಕಲ್ಪಿಸಿ 1846ರಲ್ಲಿ ಗ್ರಂಥವನ್ನು ರಚಿಸಿದನು. ಈ ಇಬ್ಬರ ಬರಹಗಳನ್ನು ಮರಿಯಾ ಮಾಂಟೆಸ್ಸೊರಿಯವರು ಸ್ವಹಸ್ತದಿಂದ ಇಟಾಲಿಯನ್ ಭಾಷೆಗೆ ಪರಿವರ್ತಿಸಿಕೊಂಡು, ಮೊದಲು ಅಂತಹ ಮಕ್ಕಳಲ್ಲಿಯೇ ಪ್ರಯೋಗಿಸಿ, ಬಳಿಕ 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊದಲ್ಲಿ ಇತರ ಶಿಶುಗಳಿಗೂ ಅನ್ವಯಿಸಿದರು. ಗುಂಡಿ ಹಾಕಲು ಕಲಿಸುವ ಚೌಕಟ್ಟು, ಬೆರಳಿನಿಂದ ತಡವುವ ಒರಟು ಅಕ್ಷರ ಮೊದಲಾದುವು ಹೀಗೆ ಸರ್ವಸಾಮಾನ್ಯವಾದುವು. 1939ರಲ್ಲಿ ಅವರೇ ಮದರಾಸಿನ ಅಡ್ಯಾರಿಗೆ ಬಂದು ಉಪಾಧ್ಯಾಯರಿಗೆ ಈ ಕ್ರಮವನ್ನು ಬೋಧಿಸಿದರು.

ವಿದ್ಯೆಯು ಒಳಗೆ ಬಂದಿತು. ಯಾರಿಂದ ಬಂದಿತೋ ಆ ಮಕ್ಕಳು ಬಹುಕಾಲ ಬಾಗಿಲ ಹೊರಗೇ ನಿಂತರು. 2016ರ ಶಾಸನವು ಅವರನ್ನು ಒಡನೆ ಕೂರಿಸಿ ಕಲಿಸಬೇಕೆಂದಿದೆ. ಇಂದು ಆಕ್ಯುಪೇಷನಲ್ ಥೆರಪಿಯನ್ನು ಬಲ್ಲವರು ತರಗತಿಗೆ ಬಂದು ಅಂತಹ ಮಗುವಿನ ಆಸನವನ್ನೂ ಬಳಪದ ಹಿಡಿತವನ್ನೂ ಸರಿಪಡಿಸಿದರೆ ಅದು ನೂತನವಾದ ಉಪಕಾರವಲ್ಲ, ಹಳೆಯ ಸಾಲದ ಮರುಪಾವತಿ. ಉಪಾಧ್ಯಾಯರು ಇದನ್ನು ಮರೆಯಲಾಗದು.