ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ? ಟೆಸ್ಟ್ ತಂಡಗಳು ಪ್ರವಾಸದಲ್ಲಿ ಪರದಾಡುವುದು ಏಕೆ

ಭಾರತ ತಂಡ ವಿದೇಶದಲ್ಲಿ ಒಂದು ಟೆಸ್ಟ್ ಸೋತರೆ ಸಾಕು, ಸಂಜೆಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ಆಟಗಾರರು ದುಡ್ಡು ತಿಂದಿದ್ದಾರೆ.’ ಇನ್ನೊಂದು, ‘ಅವರಿಗೆ ಬೇಕಾದ ಹಾಗೆ ಪಿಚ್ ಮಾಡಿಕೊಂಡಿದ್ದಾರೆ.’ ಸೋತರು ಅನ್ನುವುದೊಂದೇ ದುಡ್ಡು ತಿಂದದ್ದಕ್ಕೆ ಪುರಾವೆ ಆಗುವುದಿಲ್ಲ. ಎರಡನೆಯದರಲ್ಲಿ ಸ್ವಲ್ಪ ನಿಜವಿದೆ. ಆ ಸ್ವಲ್ಪ ಎಷ್ಟು ಎಂದು ನೋಡೋಣ.

ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಅವರ ಅಂಕಿ ಅಂಶವನ್ನೇ ತೆಗೆದುಕೊಳ್ಳಿ. ಟೆಸ್ಟ್‌ನಲ್ಲಿ ಒಟ್ಟು 619 ವಿಕೆಟ್. ಅದರಲ್ಲಿ ಭಾರತದ ನೆಲದಲ್ಲಿ 63 ಪಂದ್ಯಗಳಿಂದ 350, ಹೊರಗೆ 69 ಪಂದ್ಯಗಳಿಂದ 269. ತವರಿನಲ್ಲಿ ಒಂದು ವಿಕೆಟ್‌ಗೆ ಸುಮಾರು 25 ರನ್ ಕೊಟ್ಟವರು ಹೊರಗೆ ಸುಮಾರು 36 ರನ್ ಕೊಟ್ಟರು. ಅದೇ ಭುಜ, ಅದೇ ಮಣಿಕಟ್ಟು. ದವಡೆ ಮುರಿದರೂ ಬಟ್ಟೆ ಕಟ್ಟಿಕೊಂಡು 2002ರಲ್ಲಿ ಆಂಟಿಗಾದಲ್ಲಿ ಬೌಲ್ ಮಾಡಿದ ಮನುಷ್ಯನಿಗೆ ವಿದೇಶದಲ್ಲಿ ಧೈರ್ಯ ಕಡಿಮೆಯಾಯಿತು ಎಂದು ಯಾರೂ ಹೇಳಲಾರರು. ಹಾಗಾದರೆ ಬದಲಾದದ್ದೇನು?

ಮೊದಲನೆಯದು ಮಣ್ಣು. ಮುದ್ದೇನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದಲ್ಲಿ ಕ್ರಿಕೆಟ್ ಆಡಿದ್ದೀರಲ್ಲ? ಕೆರೆಯ ಗೋಡುಮಣ್ಣಿನಲ್ಲಿ ಜೇಡಿ ಹೆಚ್ಚು. ಒದ್ದೆ ಇದ್ದಾಗ ಅಂಟುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಅಂಚಿಗೆ ಬಿದ್ದ ಚೆಂಡು ಎತ್ತ ಹೋಗುತ್ತದೋ ದೇವರಿಗೇ ಗೊತ್ತು. ಟೆಸ್ಟ್ ಪಿಚ್ ಕೂಡ ಜೇಡಿ ಹೆಚ್ಚಿರುವ ಮಣ್ಣನ್ನೇ ನೀರು ಹಾಕಿ, ರೋಲರ್ ಹೊಡೆದು ಗಟ್ಟಿ ಮಾಡಿದ್ದು. ನಮ್ಮ ಬಿಸಿಲಿನಲ್ಲಿ ಅದು ಐದು ದಿನದಲ್ಲಿ ಒಡೆದು ಪುಡಿಯಾಗುತ್ತದೆ, ಸ್ಪಿನ್ನರ್‌ಗೆ ಹಬ್ಬ. ಇಂಗ್ಲೆಂಡಿನ ತೇವದಲ್ಲಿ ಹಸಿರು ಹುಲ್ಲು ಉಳಿದು ಚೆಂಡಿನ ಹೊಲಿಗೆಗೆ ಹಿಡಿತ ಕೊಡುತ್ತದೆ. ಆಸ್ಟ್ರೇಲಿಯಾದ ಗಟ್ಟಿ ನೆಲದಲ್ಲಿ ಚೆಂಡು ಎದೆಯ ಮಟ್ಟಕ್ಕೆ ಪುಟಿಯುತ್ತದೆ.

ಚೆಂಡೂ ಬೇರೆಯೇ. ನಮ್ಮಲ್ಲಿ ಮೀರತ್‌ನ ಎಸ್‌ಜಿ, ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದಲ್ಲಿ ಕೂಕಬರಾ. ಡ್ಯೂಕ್ಸ್‌ನ ಕೈಹೊಲಿಗೆ ಉಬ್ಬಿಕೊಂಡು ಬಹಳ ಹೊತ್ತು ಉಳಿಯುತ್ತದೆ, ಕೂಕಬರಾದ್ದು ಬೇಗ ಚಪ್ಪಟೆಯಾಗುತ್ತದೆ.

‘ಮೋಡ ಕವಿದರೆ ಗಾಳಿ ಭಾರವಾಗಿ ಚೆಂಡು ಸ್ವಿಂಗ್ ಆಗುತ್ತದೆ’ ಎನ್ನುವುದು ಇನ್ನೊಂದು ಜನಪ್ರಿಯ ನಂಬಿಕೆ. ನೀರಾವಿ ಒಣ ಗಾಳಿಗಿಂತ ಹಗುರ. ಆದ್ದರಿಂದ ಅಷ್ಟೇ ಬಿಸಿ, ಅಷ್ಟೇ ಒತ್ತಡದ ಗಾಳಿಯಲ್ಲಿ ತೇವ ಸೇರಿದರೆ ಅದು ಭಾರವಾಗುವುದಿಲ್ಲ, ಸ್ವಲ್ಪ ಹಗುರವಾಗುತ್ತದೆ. ಮೋಡಕ್ಕೂ ಸ್ವಿಂಗ್‌ಗೂ ಇರುವ ನಂಟಿನ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಎತ್ತರದ ಪರಿಣಾಮ ಮಾತ್ರ ಖಚಿತ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು, ಹೊಡೆದ ಚೆಂಡು ಚೆನ್ನೈಗಿಂತ ದೂರ ಹೋಗುತ್ತದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಂಥ ದೊಡ್ಡ ಆಟಗಾರರು ತಡವರಿಸಬೇಕೇ? ಲೆಕ್ಕ ಹಾಕಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ಸ್‌ಮನ್‌ ಬಳಿ ಬರಲು ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ಯೋಚಿಸಿ ಆಡುವುದಾಗದು. ಚೆಂಡು ಎಲ್ಲಿ ಬಿದ್ದರೆ ಎಷ್ಟು ಏಳುತ್ತದೆ ಎಂದು ಸಾವಿರಾರು ಚೆಂಡು ಆಡಿದ ಅಭ್ಯಾಸದಿಂದ ಮಿದುಳು ಮೊದಲೇ ಅಂದಾಜು ಕಟ್ಟಿರುತ್ತದೆ. ಆ ಅಂದಾಜು ಹುಟ್ಟಿ ಬೆಳೆದ ನೆಲದ್ದು. ಹೊಸ ನೆಲದಲ್ಲಿ ಚೆಂಡು ನಾಲ್ಕು ಬೆರಳು ಹೆಚ್ಚು ಎದ್ದರೆ ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್‌ನಲ್ಲಿ ಕ್ಯಾಚ್. ಅಂದಾಜು ತಿದ್ದಿಕೊಳ್ಳಲು ವಾರಗಳು ಬೇಕು. ಈಗಿನ ಪ್ರವಾಸಗಳಲ್ಲಿ ಅಭ್ಯಾಸ ಪಂದ್ಯಗಳೇ ಕಡಿಮೆ.

ಹಾಗಂತ ತವರು ಯಾವಾಗಲೂ ಕಾಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯದ ಮೊದಲ ದಿನ ಪೂರ್ತಿ ಮಳೆ. ಹೊದಿಕೆಯಡಿ ತೇವ ಉಳಿದಿದ್ದ ಪಿಚ್‌ನಲ್ಲಿ ಮರುದಿನ ಭಾರತ ಬ್ಯಾಟಿಂಗ್ ಆರಿಸಿಕೊಂಡು 46ಕ್ಕೆ ಆಲೌಟ್. ಐವರದು ಸೊನ್ನೆ. ಅವರಲ್ಲಿ ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ ಕೂಡ ಒಬ್ಬರು. ನ್ಯೂಜಿಲೆಂಡ್‌ನ ಮ್ಯಾಟ್ ಹೆನ್ರಿ 15 ರನ್‌ಗೆ 5 ವಿಕೆಟ್ ಪಡೆದರು. ಆ ದಿನ ಊರು ಬೆಂಗಳೂರಾದರೂ ನೆಲದ ಗುಣ ನ್ಯೂಜಿಲೆಂಡಿನದು. ಬೆಂಗಳೂರು ಮೂಲದ ಕುಟುಂಬದ ರಚಿನ್ ರವೀಂದ್ರ ಅಲ್ಲಿ 134 ಹೊಡೆದದ್ದು ಬೇರೆ! ಮುಂದೆ ಪುಣೆ, ಮುಂಬೈಯಲ್ಲೂ ಸೋತು ಸರಣಿ 3-0.

ಒಗ್ಗಿಕೊಂಡವರೂ ಇದ್ದಾರೆ. 2011ರಲ್ಲಿ ಇಂಗ್ಲೆಂಡಿನಲ್ಲಿ ಭಾರತ 4-0 ಸೋತಾಗ ರಾಹುಲ್ ದ್ರಾವಿಡ್ ಒಬ್ಬರೇ ಮೂರು ಶತಕ ಗಳಿಸಿದರು. ಅವರ ಸರಾಸರಿ ತವರಿಗಿಂತ ಹೊರಗೇ ಹೆಚ್ಚು. ಚೆಂಡನ್ನು ತೀರಾ ತಡವಾಗಿ, ಕಣ್ಣಿನ ಕೆಳಗೆ, ಮೆತ್ತಗೆ ಆಡುವ ರೀತಿ ಅವರಿಗೆ ಎಲ್ಲ ನೆಲದಲ್ಲೂ ಕೈಹಿಡಿಯಿತು. 1971ರಲ್ಲಿ ಓವಲ್‌ನಲ್ಲಿ 38ಕ್ಕೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಗೆಲ್ಲಿಸಿದ ಬಿ.ಎಸ್. ಚಂದ್ರಶೇಖರ್ ವೇಗವಾಗಿ ಸ್ಪಿನ್ ಹಾಕುತ್ತಿದ್ದರು, ನೆಲ ತಿರುವಲಿ ಎಂದು ಕಾಯಬೇಕಿರಲಿಲ್ಲ.

ಇನ್ನು ‘ಪಿಚ್ ಮೋಸ’ದ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಆತಿಥೇಯರ ಸ್ಕೋರನ್ನೂ ನೋಡಿ. ತಮ್ಮ ಬಲಕ್ಕೆ ತಕ್ಕ ಪಿಚ್ ಸಿದ್ಧಪಡಿಸುವುದು ಎಲ್ಲ ದೇಶಗಳಲ್ಲೂ ಇದೆ, ಅದರಲ್ಲಿ ಗುಟ್ಟೇನಿಲ್ಲ. ಆದರೆ ಒಂದೇ ಪಿಚ್‌ನಲ್ಲಿ ಇಬ್ಬರೂ ಆಡಬೇಕು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಕೊನೆಯ ಆರು ವಿಕೆಟ್‌ಗಳನ್ನು 11 ರನ್‌ಗೆ ಕಳೆದುಕೊಂಡು 112ಕ್ಕೆ ಮುಗಿಯಿತು, ಅಶ್ವಿನ್‌ಗೆ 6 ವಿಕೆಟ್. ಅದೇ ಪಿಚ್‌ನಲ್ಲಿ ಮೊದಲ ದಿನವೇ ಆಸ್ಟ್ರೇಲಿಯಾದ ನೇಥನ್ ಲಯನ್ 8 ವಿಕೆಟ್ ಪಡೆದು ಭಾರತವನ್ನು 189ಕ್ಕೆ ನಿಲ್ಲಿಸಿದ್ದರು. ಅದಕ್ಕೂ ಮುಂಚಿನ ಪುಣೆ ಟೆಸ್ಟ್‌ನಲ್ಲಿ ಪಿಚ್ ಮೊದಲ ದಿನದಿಂದಲೇ ತಿರುಗಿತು, ಐಸಿಸಿ ಅದನ್ನು ಕಳಪೆ ಎಂದಿತು. ಅಲ್ಲಿ ಭಾರತ 105 ಮತ್ತು 107ಕ್ಕೆ ಉರುಳಿ, ಸ್ಟೀವ್ ಓಕೀಫ್‌ಗೆ 12 ವಿಕೆಟ್ ಕೊಟ್ಟು, 333 ರನ್‌ಗಳಿಂದ ಸೋತಿತು.